ಜೀವ ಹೋದ್ರೂ ಜವಾರಿ

ಅಥಣಿ ರಸ್ತೆಯಲ್ಲಿ ನನ್ನದೊಂದು ಟೈರು ಮತ್ತು ಅಲೈನ್‌ಮೆಂಟಿನ ಅಂಗಡಿ ಇದೆ. ಊರವರಿಗೆಲ್ಲ ನಾನು ಉಸ್ತಾದ್. ಗಾಡಿಯ ಗಾಲಿಗಳನ್ನು ನೆಟ್ಟಗೆ ಮಾಡುವುದಷ್ಟೇ ನನ್ನ ಕೆಲಸ. ಗಾಡಿ ತಂದವರ ತಲೆಯನ್ನೂ ಅದೇ ಯಂತ್ರಕ್ಕೆ ಹಾಕಿ ನೆಟ್ಟಗೆ ಮಾಡುವ ಹಾಗಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅದು ಆಗದ ಕಾರಣ ನನ್ನ ಅಂಗಡಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಈಗಿನ ಗದ್ದಲಕ್ಕೆ ಕಾರಣ ಒಂದು ಸ್ಪೋರ್ಟ್ಸ್ ಕಾರು. ಯಾವುದೋ ಪರದೇಶದ ಕಂಪನಿ ತನ್ನ ಹೊಸ ಮಾಡೆಲ್ ತರುತ್ತದಂತೆ. ಹೆಸರು ಹೇಳುವುದಿಲ್ಲ, ನನ್ನಿಂದ ಅವರಿಗೆ ಬಿಟ್ಟಿ ಪ್ರಚಾರ ಬೇಡ. ಕಂಪನಿಯವರು ಜಾಣರು. ಗಾಡಿಯನ್ನು ಒಮ್ಮೆಲೇ ತೋರಿಸುವುದಿಲ್ಲ. ಈ ವಾರ ಹಿಂದಿನ ದೀಪದ ಫೋಟೋ, ಮುಂದಿನ ವಾರ ಎಂಜಿನ್ನಿನ ಸುದ್ದಿ, ಅದರ ಮುಂದಿನ ವಾರ ಬಾಗಿಲಿನ ಹಿಡಿಕೆ. ಇದಕ್ಕೆ 'ಅಪ್‌ಡೇಟ್' ಅನ್ನುತ್ತಾರೆ. ಸೀರೆಯ ಸೆರಗನ್ನಷ್ಟೇ ತೋರಿಸಿ ಗಿರಾಕಿಯನ್ನು ಇಡೀ ದಿನ ಕೂರಿಸುವ ಬಟ್ಟೆ ಅಂಗಡಿಯವರನ್ನು ನಾನು ನೋಡಿದ್ದೇನೆ, ಇದೂ ಅದೇ ಧಂದೆ.

ಈ ಅಪ್‌ಡೇಟಿಗೆ ಜೀವ ಬಿಡುವವರು ವಿಜಯಪುರದಲ್ಲಿ ಹತ್ತಿಪ್ಪತ್ತು ಜನ ಇದ್ದಾರೆ. ಎಲ್ಲರೂ ಸಂಜೆ ಸೇರುವುದು ನನ್ನ ಅಂಗಡಿಯಲ್ಲೇ, ಯಾಕೆಂದರೆ ಇಲ್ಲಿ ಫ್ಯಾನಿದೆ. ಇವರಿಗೆಲ್ಲ ಮುಖಂಡ ಜೋರಾಪುರ ಪೇಟೆಯ ಒಬ್ಬ ಸರ್ವೇಯರ್. ಹೊಲ, ಸೈಟು ಅಳೆಯುವ ಖಾಸಗಿ ಕೆಲಸ. ವಯಸ್ಸು ಮೂವತ್ಮೂರು. ಸ್ವಂತಕ್ಕೆ ಇರುವುದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು, ಅದರ ಎಡಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ. ಆದರೆ ಆ ಪರದೇಶದ ಗಾಡಿಯ ಬಗ್ಗೆ ಅದನ್ನು ಕಟ್ಟುವ ಕೂಲಿಯವನಿಗೂ ಗೊತ್ತಿಲ್ಲದ್ದು ಇವನಿಗೆ ಗೊತ್ತು.

ಮನುಷ್ಯ ಬಂಗಾರದಂಥವನು. ಒಂದೇ ಕೊರತೆ, ಮದುವೆ ಆಗಿಲ್ಲ. ಮೊದಲನೇ ಕನ್ಯೆ ನೋಡಲು ಹೋದಾಗ ಹಿರಿಯರು ಹುಡುಗ ಹುಡುಗಿಗೆ ಮಾತಾಡಲೆಂದು ಹತ್ತು ನಿಮಿಷ ಮಾಳಿಗೆಗೆ ಕಳಿಸಿದರು. ಇವನು ಆ ಹತ್ತು ನಿಮಿಷವೂ ಆ ಗಾಡಿಯ ಗೇರ್ ಬಾಕ್ಸಿನ ವಿಷಯ ಹೇಳಿದ. ಹುಡುಗಿ ಕೆಳಗೆ ಬಂದು, "ಛಲೋ ಮನಶ್ಯಾ ಅದಾರ. ಆದ್ರ ಅವರ ಮನಸ ಬ್ಯಾರೇ ಕಡೆ ಕುಂತೈತಿ, ಒತ್ತಾಯ ಮಾಡಬ್ಯಾಡ್ರಿ" ಅಂದಳಂತೆ.

ಎಷ್ಟು ಎಚ್‌ಪಿ?

ಟಿಕೋಟಾದ ಗೌಡರು ನನ್ನ ಹಳೆಯ ಗಿರಾಕಿ. ದ್ರಾಕ್ಷಿ ತೋಟದ ದಾರಿಯಲ್ಲಿ ಓಡಾಡಿ ಅವರ ಜೀಪಿನ ಗಾಲಿ ಎರಡು ತಿಂಗಳಿಗೊಮ್ಮೆ ಸೊಟ್ಟಗಾಗುತ್ತದೆ, ಹಾಗಾಗಿ ಅವರ ಮೇಲೆ ನನಗೆ ವಿಶೇಷ ಗೌರವ. ಅವತ್ತು ಜೀಪು ಮೇಲೇರಿಸಿ ಅವರನ್ನು ಕುರ್ಚಿಯಲ್ಲಿ ಕೂರಿಸಿದ್ದೆ. ಸರ್ವೇಯರ್ ಓಡುತ್ತ ಒಳಗೆ ಬಂದ.

"ಉಸ್ತಾದ್, ಅಪ್‌ಡೇಟ್ ಬಂತು! ಆರನೂರ ಮ್ಯಾಲ ಎಚ್‌ಪಿ!"

ನಮ್ಮ ಕಡೆ ಎಚ್‌ಪಿ ಅಂದರೆ ಬೋರ್‌ವೆಲ್ ಮೋಟಾರು, ಬೇರೆ ಅರ್ಥವೇ ಇಲ್ಲ. ಗೌಡರು ಕುರ್ಚಿಯಲ್ಲಿ ನೆಟ್ಟಗಾದರು. "ಆರನೂರ? ಯಾವ ಊರಾಗ ಕೂಡ್ಸ್ಯಾರೋ? ಎಷ್ಟ ಇಂಚ ನೀರ ಎತ್ತತೈತಿ?"

"ನೀರ ಎತ್ತೂದಿಲ್ರಿ ಗೌಡ್ರ, ಅದು ಗಾಡಿ. ಓಡತೈತಿ."

"ಆರನೂರ ಎಚ್‌ಪಿ ಇಟಗೊಂಡು ಒಂದ್ ಹನಿ ನೀರ ಎತ್ತೂದಿಲ್ಲ? ನನ್ನ ಹತ್ತ ಎಚ್‌ಪಿ ಮೋಟಾರ ಇಡೀ ತ್ವಾಟಕ್ಕ ನೀರ ಉಣಸತೈತಿ." ಗೌಡರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಹ್ವಾಗ್ಲಿ. ಅದರಾಗ ಎಷ್ಟ ಮಂದಿ ಕುಂಡ್ರತಾರ?"

"ಇಬ್ಬರ ರೀ."

"ಇಬ್ಬರನ್ನ ಎಳ್ಯಾಕ ಆರನೂರ ಎಚ್‌ಪಿ?" ಗೌಡರ ಮುಖದಲ್ಲಿ ನಿಜವಾದ ಕಳವಳ ಇತ್ತು. "ಯಪ್ಪಾ, ಅಷ್ಟು ದಪ್ಪ ಅದಾರೇನೋ ಅವರು?"

ಮುಂದಿಂದು ಪೂರಾ ಹೋಗತೈತಿ

ಮುಂದಿನ ಅಪ್‌ಡೇಟ್ ಗಾಡಿಯ ಎತ್ತರದ್ದು. ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವೆ ಅಂತರ ಬರೀ ನಾಲ್ಕು ಬೆರಳಂತೆ. ಸರ್ವೇಯರನ ನಿದ್ದೆ ಹಾರಿಹೋಯಿತು. ಆ ಗಾಡಿ ನಾಳೆ ವಿಜಯಪುರಕ್ಕೆ ಬಂದರೆ ಜೋರಾಪುರ ಪೇಟೆಯಿಂದ ನನ್ನ ಅಂಗಡಿಯವರೆಗೆ ರಸ್ತೆಗೆ ಅಡ್ಡ ಇರುವ ಹಂಪುಗಳನ್ನು ದಾಟೀತೋ ಇಲ್ಲವೋ ಎಂಬುದು ಅವನ ಚಿಂತೆ. ಆ ಗಾಡಿ ಯಾರು ತರುತ್ತಾರೆ, ಯಾಕೆ ತರುತ್ತಾರೆ, ತಂದರೂ ಜೋರಾಪುರ ಪೇಟೆಗೆ ಯಾಕೆ ಬರುತ್ತದೆ ಅಂತ ಕೇಳಿ ನಾನು ಕೆಟ್ಟವನಾದೆ.

ಬೆಳಿಗ್ಗೆ ಅವನು ಟೇಪು, ಮೂರು ಕಾಲಿನ ಯಂತ್ರ, ಕೆಂಪು ಬಿಳಿ ಗುರುತಿನ ಕೋಲು ಎಲ್ಲ ತೆಗೆದುಕೊಂಡು ಪೇಟೆಯ ಒಂದೊಂದೇ ಹಂಪು ಅಳೆಯಲು ನಿಂತ. ರಸ್ತೆಯಲ್ಲಿ ಮೂರು ಕಾಲಿನ ಯಂತ್ರ ಕಂಡರೆ ನಮ್ಮ ವ್ಯಾಪಾರಸ್ಥರಿಗೆ ತಿಳಿಯುವುದು ಒಂದೇ, ರಸ್ತೆ ಅಗಲ ಮಾಡುತ್ತಾರೆ ಅಂತ. ಪಾತ್ರೆ ಮಾರುವ ಭಾಂಡೆ ಅಂಗಡಿಯ ಸಾಹುಕಾರರು ಚಹಾದ ಕಪ್ಪನ್ನೂ ಇಡದೆ ಓಡಿ ಬಂದರು.

"ಎಷ್ಟ ಹೋಗತೈತ್ರಿ?" ಅಂದರು.

ಸರ್ವೇಯರನ ಕಣ್ಣು ಯಂತ್ರದಲ್ಲಿತ್ತು, ಮನಸ್ಸು ಆ ಗಾಡಿಯ ಬಂಪರಿನಲ್ಲಿತ್ತು. "ಮುಂದಿಂದು ಪೂರಾ ಹೋಗತೈತ್ರಿ," ಅಂದ ದುಃಖದಿಂದ.

"ಪೂರಾ?"

"ಹಿಂದಿಂದೂ ಉಳ್ಯಾಂಗ ಕಾಣೂದಿಲ್ಲ. ನಡಕಿಂದು ಕೆರಿಸಿಕೋತ ಹೋಗತೈತಿ."

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಆ ಓಣಿಯ ತಗಡಿನ ಚಪ್ಪರ, ಬೋರ್ಡು, ಸ್ಟೂಲು, ಹೊರಗೆ ತೂಗುಹಾಕಿದ ಕೊಡಪಾನ ಎಲ್ಲವೂ ಒಳಗೆ ಹೋದವು. ಒಬ್ಬರು ಕಟ್ಟೆಯನ್ನೇ ಒಡೆಸಿದರು. ನಾನು ಹುಟ್ಟಿದ ಮೇಲೆ ಆ ಓಣಿಯಲ್ಲಿ ಎರಡು ಗಾಡಿ ಎದುರುಬದುರು ಬಂದು ಬೈದಾಡದೆ ದಾಟಿದ್ದು ಅವತ್ತೊಂದೇ ದಿನ.

ಸಂಜೆ ಅವನು ನನ್ನಲ್ಲಿಗೆ ಬಂದಾಗ ಕಣ್ಣು ತುಂಬಿದ್ದವು. "ಉಸ್ತಾದ್, ಸುಮ್ ಸುಮ್ನ ನಮ್ಮ ಮಂದೀನ ಬೈತೀರಿ. ನಾ ಹಂಪ್ ಅಳ್ಯಾಕತ್ತಿದ್ದು ನೋಡಿ, ಆ ಗಾಡಿಗೆ ಅಂತ ತಾವಾಗೇ ರಸ್ತೇನ ಖಾಲಿ ಮಾಡಿ ಕೊಟ್ಟಾರ!"

ಭಾಂಡೆ ಸಾಹುಕಾರರ ತಂಗಿಯ ಮಗಳನ್ನು ಇವನಿಗೆ ಕೇಳುವ ಮಾತು ನಡೆದಿತ್ತು. ನಿಜ ಗೊತ್ತಾದ ಮೇಲೆ ಅದೂ ಅಲ್ಲಿಗೇ ನಿಂತಿತು. ಎರಡನೇ ಕನ್ಯೆಯೂ ಕೈತಪ್ಪಿದಳು.

ಸೌಂಡು

ಆಮೇಲೆ ಗಾಡಿಯ ಸದ್ದು ಬಂತು. ಬರೀ ಸದ್ದು, ಚಿತ್ರ ಇಲ್ಲ. ಎಂಜಿನ್ ಚಾಲೂ ಆಗುವ ಸದ್ದನ್ನು ಕಂಪನಿ ಬಿಡುಗಡೆ ಮಾಡಿತ್ತು. ಇವರೆಲ್ಲ ಸೇರಿ ಅದನ್ನು ನನ್ನ ಅಂಗಡಿಯ ದೊಡ್ಡ ಸ್ಪೀಕರಿಗೆ ಹಚ್ಚಿದರು. ಆ ಹೊತ್ತಿಗೆ ಒಬ್ಬ ನಿವೃತ್ತ ಹೆಡ್ ಮಾಸ್ತರರ ಸಣ್ಣ ಕಾರು ನನ್ನ ಯಂತ್ರದ ಮೇಲಿತ್ತು, ಮಾಸ್ತರರು ಕೆಳಗೆ ಪೇಪರ್ ಓದುತ್ತಿದ್ದರು.

ಸ್ಪೀಕರ್ ಗರ್ಜಿಸಿತು. ಮಾಸ್ತರರು ಪೇಪರ್ ಬಿಸಾಕಿ, "ಇಳಸ್ರಿ! ಮೊದಲ ನನ್ನ ಗಾಡಿ ಇಳಸ್ರಿ! ಏನ್ ಬಿಚ್ಚಿದ್ರಿ ಅದರಾಗಿಂದು?" ಅಂತ ಕೂಗಿದರು. ಅವರಿಗೆ ನೀರು ಕೊಟ್ಟು, ಇದು ನಿಮ್ಮದಲ್ಲ, ಜಗತ್ತಿನ ದೊಡ್ಡ ದೊಡ್ಡವರು ಕಾಯುತ್ತಿರುವ ಗಾಡಿಯ ಸದ್ದು ಅಂತ ತಿಳಿಸಿ ಹೇಳಿದ್ದಾಯಿತು. ಮಾಸ್ತರರು ಇನ್ನೊಮ್ಮೆ ಹಚ್ಚಿಸಿ, ಕಣ್ಣು ಮುಚ್ಚಿ ಕೇಳಿದರು.

"ನಮ್ಮ ಮನ್ಯಾಗಿನ ಮಿಕ್ಸರ್ ಹಿಂಗ ಸೌಂಡ್ ಮಾಡಾಕತ್ತು ಆರ ತಿಂಗಳಾತು," ಅಂದರು. "ನಾಳೆ ರಿಪೇರಿಗೆ ಕೊಡಾಂವ ಇದ್ದೆ. ಇನ್ನ ಕೊಡೂದಿಲ್ಲ."

ಎಂಟು ಹೋಗಿ ನಾಕ

ಆಮೇಲೆ ಬಂದದ್ದು ಕೆಟ್ಟ ಸುದ್ದಿ. ಹೊಸ ಮಾಡೆಲ್ಲಿನಲ್ಲಿ ಹಳೆಯ ಎಂಟು ಸಿಲಿಂಡರಿನ ಎಂಜಿನ್ ಇಲ್ಲ. ನಾಲ್ಕೇ ಸಿಲಿಂಡರು, ಜೊತೆಗೆ ಬ್ಯಾಟರಿ. ಅರ್ಧ ಪೆಟ್ರೋಲು, ಅರ್ಧ ಕರೆಂಟು, ಅಂದರೆ ಹೈಬ್ರಿಡ್. ಅಂಗಡಿಯಲ್ಲಿ ಸೂತಕ ಬಿದ್ದಿತು. ಯಾರೂ ಚಹಾ ಮುಟ್ಟಲಿಲ್ಲ. ನಾನೊಬ್ಬನೇ ಮೂರು ಕಪ್ ಕುಡಿದೆ.

ಇವರ ಸಂಕಟ ಅರ್ಥವಾದದ್ದು ಗೌಡರೊಬ್ಬರಿಗೆ. "ಗಾಡ್ಯಾಗೂ ಹೈಬ್ರಿಡ್ ಬಂತೇನು?" ಅಂದರು. "ಮೊದಲ ಜ್ವಾಳ ಹೋತು, ಆಮ್ಯಾಲ ಬದನಿಕಾಯಿ ಹೋತು, ಟಮಾಟಿ ಹೋತು. ಕಣ್ಣಿಗೆ ಛಂದ, ಬಾಯಿಗೆ ಸಪ್ಪ. ಜವಾರಿ ಗಾಡಿ ಇನ್ನ ಸಿಗೂದಿಲ್ಲ ಬಿಡು."

ಸರ್ವೇಯರ್ ಎದ್ದು ಗೌಡರನ್ನು ಅಪ್ಪಿಕೊಂಡ. ಇಷ್ಟು ದಿನ ಅವನು ಹೇಳಲು ಒದ್ದಾಡಿದ್ದು 'ಜವಾರಿ', ಅಂದರೆ ಅಪ್ಪಟ ನಾಟಿ, ಎಂಬ ಆ ಒಂದು ಶಬ್ದದಲ್ಲಿತ್ತು. ಅವತ್ತಿನಿಂದ ನನ್ನ ಅಂಗಡಿಯಲ್ಲಿ ಎರಡು ಪಾರ್ಟಿಯಾದವು. ಎಂಟು ಸಿಲಿಂಡರಿನವರು ಜವಾರಿ, ಬ್ಯಾಟರಿಯವರು ಹೈಬ್ರಿಡ್. ಜವಾರಿ ಪಾರ್ಟಿಗೆ ಸರ್ವೇಯರ್ ಅಧ್ಯಕ್ಷ. "ಜೀವ ಹೋದ್ರೂ ಜವಾರಿ" ಅಂತ ತನ್ನ ಸಣ್ಣ ಕಾರಿನ ಹಿಂದಿನ ಗಾಜಿನ ಮೇಲೆ ಬರೆಸಿದ. ದಾರಿಯಲ್ಲಿ ಇಬ್ಬರು ಕೈ ಮಾಡಿ ನಿಲ್ಲಿಸಿ ಜವಾರಿ ಕೋಳಿ ಕಿಲೋ ಹೇಗೆ ಅಂತ ಕೇಳಿದರಂತೆ.

ಎರಡು ದಿನ ಬಿಟ್ಟು ಅವನ ತಾಯಿ ಅಂಗಡಿಗೆ ಬಂದರು. ಕಣ್ಣಲ್ಲಿ ನೀರು.

"ಉಸ್ತಾದ್ ಅಣ್ಣಾರ, ಇವಗ ಏನಾಗೇತ್ರಿ? ರೊಟ್ಟಿ ಒಲ್ಲೆ ಅಂತಾನ. ಯಾಕಪಾ ಅಂದ್ರ, 'ಅವ್ವಾ, ಎಂಟ ಸಿಲಿಂಡರ್ ಹೋಗಿ ನಾಕ ಆದೂ' ಅಂತ ಗ್ವಾಡಿ ನೋಡ್ಕೋತ ಕುಂಡ್ರತಾನ. ಮನ್ಯಾಗ ನಾವಿಬ್ಬರ ಅದೇವಿ. ಎರಡ ಸಿಲಿಂಡರ್ ಅದಾವ, ಒಂದು ತುಂಬಿದ್ದ ಐತಿ. ಇವಗ ಎಂಟ ಯಾಕ ಬೇಕಾಗಿದ್ದೂ?"

ನಾನು ನಗಲಿಲ್ಲ. ಆ ತಾಯಿಗೆ ಕುರ್ಚಿ ಕೊಟ್ಟು ಗೌಡರಿಗೆ ಫೋನ್ ಹಚ್ಚಿದೆ. ಗೌಡರು ಇವನಿಗಾಗಿ ಬಬಲೇಶ್ವರದಲ್ಲಿ ಮೂರನೇ ಕನ್ಯೆ ನೋಡಿದ್ದರು. ಹುಡುಗಿಯ ತಂದೆಗೆ ಅಲ್ಲಿ ಅಂಗಡಿ ಇದೆ, ಒಳ್ಳೆಯ ಮನೆತನ. ಇದೂ ತಪ್ಪಿದರೆ ಇನ್ನು ಯಾರೂ ಹೆಣ್ಣು ತೋರಿಸುವುದಿಲ್ಲ ಅಂತ ಗೌಡರು ಸ್ಪಷ್ಟವಾಗಿ ಹೇಳಿದ್ದರು. ಹಾಗಾಗಿ ಸರ್ವೇಯರನನ್ನು ಕರೆಸಿ, ತಾಯಿಯ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದೆವು. ಆ ಮನೆಯಲ್ಲಿ ಗಾಡಿ, ಕಾರು, ಎಂಜಿನ್ ಎಂಬ ಮೂರು ಶಬ್ದ ಬಾಯಿಂದ ಬರಬಾರದು.

ಆಣೆ ಮಾಡಿ ಕೈ ತೆಗೆಯುತ್ತ ಅವನು ಕೇಳಿದ. "ಟೈರ್ ಅನ್ನಬಹುದೇನ್ರಿ?"

ಬಬಲೇಶ್ವರದಲ್ಲಿ

ರವಿವಾರ ಬೆಳಿಗ್ಗೆ ಗೌಡರ ಜೀಪಿನಲ್ಲಿ ನಾಲ್ಕು ಜನ ಹೋದೆವು. ಗೌಡರು, ತಾಯಿ, ಮಗ, ಮತ್ತು ನಾನು. ಅವನು ಬಾಯಿ ತೆರೆದರೆ ಮುಚ್ಚಿಸುವುದು ನನ್ನ ಕೆಲಸ ಅಂತ ತಾಯಿ ಹೇಳಿದ್ದರು.

ಹುಡುಗಿಯ ತಂದೆ ಬಾಗಿಲಿಗೇ ಬಂದು ಕರೆದರು. ಒಳಗೆ ಕಾಲಿಟ್ಟವನೇ ನಾನು ಗೋಡೆ ನೋಡಿದೆ. ಗೋಡೆಗೆ ಹೈಬ್ರಿಡ್ ಗೋವಿನಜೋಳದ ಕ್ಯಾಲೆಂಡರು. ಅದರ ಪಕ್ಕ ಹೈಬ್ರಿಡ್ ಸಜ್ಜೆಯದು. ಮೂಲೆಯಲ್ಲಿ ಬೀಜದ ಚೀಲಗಳ ರಾಶಿ, ಪ್ರತಿ ಚೀಲದ ಮೇಲೂ ಅದೇ ಶಬ್ದ. ಗೌಡರು 'ಅಂಗಡಿ' ಅಂದಿದ್ದರೇ ಹೊರತು ಬೀಜದ ಅಂಗಡಿ ಅಂದಿರಲಿಲ್ಲ. ಸರ್ವೇಯರ್ ಮಾತ್ರ ಇದೊಂದನ್ನೂ ನೋಡಲಿಲ್ಲ. ಆಣೆ ಮುರಿದೀತು ಅಂತ ಹೆದರಿ, ಹಲ್ಲು ಕಚ್ಚಿ, ನೆಲ ನೋಡುತ್ತ ಕೂತಿದ್ದ.

ಅವಲಕ್ಕಿ ಬಂತು. ಹುಡುಗಿಯ ತಂದೆಯೂ ಹುಡುಗನ ತಾಯಿಯೂ ಭೂತನಾಳದ ಹತ್ತಿರ ಹುಡುಗನ ಮನೆಯವರಿಗಿರುವ ನಾಲ್ಕೆಕರೆ ಹೊಲದ ಮಾತು ಆಡಿದರು. ಹುಡುಗ ಸುಮ್ಮನೇ ಇದ್ದಾನಲ್ಲ, ಅವನನ್ನೂ ಮಾತಿಗೆ ಎಳೆಯೋಣ ಅಂತ ತಂದೆ ಅವನ ಕಡೆ ತಿರುಗಿದರು.

"ನಿಮ್ಮ ವಿಚಾರ ಏನ್ರಿ? ಹೈಬ್ರಿಡ್ ಛಲೋನೋ, ಜವಾರಿ ಛಲೋನೋ?"

ಸರ್ವೇಯರ್ ತಲೆ ಎತ್ತಿದ. ಅಂಥ ಬೆಳಕನ್ನು ನಾನು ಮನುಷ್ಯನ ಮುಖದಲ್ಲಿ ನೋಡಿಲ್ಲ. ಮಾವನೂ ನಮ್ಮ ಮಂದಿಯೇ ಅಂತ ಅವನಿಗೆ ಖಾತ್ರಿಯಾಗಿಹೋಯಿತು.

"ಜವಾರೀನ ರೀ!" ಅಂದ. "ಜೀವ ಹೋದ್ರೂ ಜವಾರಿ!"

ತಂದೆ ನಕ್ಕರು. ವ್ಯಾಪಾರಸ್ಥರ ನಗು. "ಆದ್ರೂ ಹೈಬ್ರಿಡ್ ತೂಕ ಛಲೋ ಬರತೈತಲ್ರಿ?"

"ಅದ ರೀ ತೊಂದ್ರಿ! ತೂಕ ಹೆಚ್ಚಾದ್ರ ತಿರುವಿನ್ಯಾಗ ಹೆಂಗ್ ತಿರಗಬೇಕ್ರಿ ಅದು?"

ತಂದೆ ಗೌಡರ ಮುಖ ನೋಡಿದರು. ಗೌಡರು ಅವಲಕ್ಕಿ ನೋಡಿದರು.

"ಲಗೂನೂ ಬರತೈತ್ರಿ," ಅಂದರು ತಂದೆ, ಸ್ವಲ್ಪ ಗಟ್ಟಿಯಾಗಿ. "ಮೂರ ತಿಂಗಳಿಗೆ ಕೈಗೆ ಬರತೈತಿ."

"ಮೂರ ತಿಂಗಳ ಯಾರ ಕಾಯಬೇಕ್ರಿ? ನನ್ನ ಲೆಕ್ಕದಾಗ ಲಗೂ ಅಂದ್ರ ಮೂರ ಸೆಕೆಂಡ!"

"ಮೂರ ಸೆಕೆಂಡಿನ್ಯಾಗ?"

"ಹೌದ್ರಿ! ಮತ್ತ ಸೌಂಡ್ ಎಲ್ಲೈತ್ರಿ ಹೈಬ್ರಿಡ್‌ದು? ಜವಾರಿ ಅಂದ್ರ ಮುಂಜಾನೆ ಒಮ್ಮೆ ಗುಡುಗಿದ್ರ ಓಣಿ ಮಂದಿ ಎಲ್ಲಾ ಎದ್ದ ಹೊರಗ ಬರಬೇಕು. ಹೈಬ್ರಿಡ್ ಸುಮ್ನ ನಿಂತಿರತೈತಿ. ಜೀವ ಐತೋ ಇಲ್ಲೋ ತಿಳ್ಯಾಂಗಿಲ್ಲ."

"ಗುಡುಗೂ ಬೆಳಿ ಯಾವ್ದ್ರಿ ಅದು?" ಅಂತ ತಂದೆ ಮೆಲ್ಲಗೆ ನನ್ನನ್ನು ಕೇಳಿದರು.

ನನ್ನ ಸ್ಥಿತಿ ಯಾರಿಗೂ ಬೇಡ. ಇವನು ಬೀಜದ ಮಾತಾಡುತ್ತಿಲ್ಲ, ಗಾಡಿಯ ಮಾತಾಡುತ್ತಿದ್ದಾನೆ ಅಂತ ನಾನು ಹೇಳಿದರೆ, ಹುಡುಗನಿಗೆ ಗಾಡಿಯ ಹುಚ್ಚು ಅಂತ ಗೊತ್ತಾಗಿ ಸಂಬಂಧ ಮುರಿಯುತ್ತದೆ. ಹೇಳದಿದ್ದರೆ ಬೀಜಕ್ಕೆ ಬೈದ ಅಂತ ಮುರಿಯುತ್ತದೆ. ತಾಯಿ ಸೆರಗಿನ ಅಂಚು ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಜೋರಾಗಿ ಕೆಮ್ಮಿದೆ. ಇವನು ನನಗೆ ನೀರು ಕೊಟ್ಟು ಭಾಷಣ ಮುಂದುವರಿಸಿದ.

"ಕಡೀ ಮಾತ ಹೇಳತೇನ್ರಿ. ಹೈಬ್ರಿಡ್ ಮಾರಾವ್ರೆಲ್ಲಾ ಮಂದೀಗೆ ಟೋಪಿ ಹಾಕಾವ್ರು!"

ಇಪ್ಪತ್ತೈದು ವರ್ಷದಿಂದ ಹೈಬ್ರಿಡ್ ಬೀಜ ಮಾರಿ ಆ ಮನೆ ಕಟ್ಟಿದ ಮನುಷ್ಯ, ತಟ್ಟೆ ಕೆಳಗಿಟ್ಟು, ಎದ್ದು ನಿಂತರು. ಗೌಡರು ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಅಂತ ಹುಡುಕಲು ಶುರು ಮಾಡಿದರು. ತಾಯಿಯ ಕಣ್ಣಿಂದ ನೀರು ಇಳಿಯಿತು. ಸರ್ವೇಯರ್ ಮಾತ್ರ, ಮಾವ ತನ್ನನ್ನು ಅಪ್ಪಿಕೊಳ್ಳಲು ಎದ್ದರು ಅಂತ ತಿಳಿದು ತಾನೂ ಎದ್ದು ಎರಡೂ ಕೈ ಚಾಚಿದ.

ಆಗ ಅಡುಗೆಮನೆಯ ಬಾಗಿಲಲ್ಲಿ ನಗು ಕೇಳಿತು. ಹುಡುಗಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ನಗು ತಡೆಯಲಾಗದೆ ಕಪ್ಪುಗಳು ಗಲಗಲ ಅನ್ನುತ್ತಿದ್ದವು.

"ಅಪ್ಪಾ, ಕುಂದ್ರು. ಮೂರ ಸೆಕೆಂಡಿಗೆ ಬರೂ ಬೆಳಿ ಯಾರ ಹೊಲದಾಗೂ ಇಲ್ಲ. ಇವರು ಗಾಡಿ ಮಾತ ಆಡಾಕತ್ತಾರ. ನಮ್ಮ ತಮ್ಮ ದಿನಾ ಫೋನ್ ಹಿಡ್ಕೊಂಡು ಒದರತಾನಲ್ಲ, ಅದ ಗಾಡಿ."

ತಂದೆ ನಿಂತಲ್ಲೇ ನಿಂತರು. "ಗಾಡಿ? ಬೀಜದ ಮಾತ ಅಲ್ಲೇನು?"

"ಬೀಜ?" ಅಂದ ಸರ್ವೇಯರ್. ಆಗ ಮೊದಲ ಸಲ ಗೋಡೆ ನೋಡಿದ. ಕ್ಯಾಲೆಂಡರು ನೋಡಿದ. ಚೀಲ ನೋಡಿದ. ಅವನ ಚಾಚಿದ ಕೈಗಳು ತಾವಾಗಿ ಜೋಡಿಕೊಂಡು ನಮಸ್ಕಾರವಾದವು.

ತಂದೆ ಧಪ್ಪನೆ ಕೂತು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಾಡಿಯ ಹುಚ್ಚಾದರೆ ಅವರಿಗೇನೂ ಅಡ್ಡಿ ಇರಲಿಲ್ಲ. ಅವರ ಅಂಗಡಿಗೆ ಬೈದಿಲ್ಲ ಅಂತಾದರೆ ಸಾಕಿತ್ತು. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಹುಡುಗಿ ಎಲ್ಲರಿಗೂ ಚಹಾ ಕೊಟ್ಟು, ಕೊನೆಯ ಕಪ್ ಸರ್ವೇಯರನ ಮುಂದೆ ಹಿಡಿದು ಅಲ್ಲೇ ನಿಂತಳು.

"ನೀವು ಅಷ್ಟು ಜವಾರಿ ಇದ್ದಮ್ಯಾಲ ಒಂದ್ ಮಾತ ಮೊದಲ ಹೇಳಿಬಿಡತೇನ್ರಿ," ಅಂದಳು. "ನಮ್ಮಪ್ಪ ಬಬಲೇಶ್ವರದಾಂವ, ನಮ್ಮವ್ವ ಸೊಲ್ಲಾಪುರದಾಕಿ. ನಾ ಅರ್ಧಾ ಕನ್ನಡ, ಅರ್ಧಾ ಮರಾಠಿ. ನಾನೂ ಹೈಬ್ರಿಡ್ ಅದೇನಿ. ನಡೀತೈತೇನ್ರಿ?"

ಸರ್ವೇಯರ್ ಅವಳನ್ನು ನೋಡಿದ. ಕಪ್ ತೆಗೆದುಕೊಳ್ಳುವ ಮೊದಲೇ ಪಾರ್ಟಿ ಬದಲಾಗಿತ್ತು.

"ನಡೀತೈತಿ ಏನ್ರಿ, ಓಡತೈತಿ!" ಅಂದ. "ಮುಂದಿನ ಕಾಲ ಎಲ್ಲಾ ಹೈಬ್ರಿಡ್‌ದ ಐತ್ರಿ. ನಾ ಮೊದಲಿನಿಂದ್ಲೂ ಅದನ್ನ ಹೇಳ್ಕೋತ ಬಂದೇನಿ. ಬೇಕಾದ್ರ ಉಸ್ತಾದ್‌ರನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಐದು ಹೊತ್ತು ನಮಾಜು ಮಾಡುವ ಮನುಷ್ಯ ನಾನು, ಸುಳ್ಳು ಹೇಳಿ ರೂಢಿ ಇಲ್ಲ. ಆದರೆ ಆ ತಾಯಿಯೂ ನನ್ನನ್ನೇ ನೋಡುತ್ತಿದ್ದರು.

"ಖರೇ ರೀ," ಅಂದೆ. "ಜವಾರಿ ಅನ್ನೂ ಶಬ್ದಾನ ಇಂವನ ಬಾಯಾಗ ನಾ ಇವತ್ತ ಮೊದಲನೇ ಸಲ ಕೇಳಿದ್ದು."